ಕಾಣದ ಬಾಹು ಹುಡುಕಲು ಯಾವ ದಾರಿ? ಅನುಪಾತ, ಪೈಥಾಗೊರಸ್, ತ್ರಿಕೋನಮಿತಿ: ಒಂದು ಹೋಲಿಕೆ

ಲಂಬಕೋನ ತ್ರಿಭುಜದ ಚಿತ್ರ ಕಂಡ ಕೂಡಲೇ ನಮ್ಮ ಮಕ್ಕಳ ಪೆನ್ನು ತಾನಾಗಿಯೇ ಪೈಥಾಗೊರಸ್ ಪ್ರಮೇಯ ಬರೆಯಲು ಶುರು ಮಾಡುತ್ತದೆ. ಬಳ್ಳಾರಿಯಲ್ಲಿ ಹತ್ತನೇ ತರಗತಿಯವರಿಗೆ ಸಂಜೆ ಪಾಠ ಹೇಳುವ ನನಗೆ ಇದು ದಿನಾ ಕಾಣುವ ನೋಟ. ಲೆಕ್ಕದಲ್ಲಿ ಒಂದೇ ಬಾಹು ಕೊಟ್ಟಿರುತ್ತಾರೆ. ಮೂಲೆಯಲ್ಲಿ 60° ಅಂತ ಗುರುತು ಇರುತ್ತದೆ. ಹುಡುಗ ವರ್ಗ ಮಾಡುತ್ತಾನೆ, ಗೊತ್ತಿಲ್ಲದ ಎರಡು ಬಾಹುಗಳನ್ನು ಒಂದೇ ಸಮೀಕರಣದಲ್ಲಿ ತುರುಕುತ್ತಾನೆ, ಅಲ್ಲಿಗೆ ಗಾಡಿ ನಿಂತಿತು. ಪ್ರಮೇಯದಲ್ಲಿ ತಪ್ಪಿಲ್ಲ. ಆ ಲೆಕ್ಕಕ್ಕೆ ಅದೊಂದೇ ಸಾಲುವುದಿಲ್ಲ.

ದಾರಿಗಳು ಮೂರಿವೆ. ಯಾವುದು ಒಳ್ಳೆಯದು ಅಂತ ಸುಮ್ನೆ ಕೇಳಿದರೆ ಉತ್ತರವಿಲ್ಲ. ಪ್ರಶ್ನೆಯಲ್ಲಿ ಏನು ಕೊಟ್ಟಿದ್ದಾರೆ ಅನ್ನುವುದರ ಮೇಲೆ ದಾರಿ ತೀರ್ಮಾನವಾಗುತ್ತದೆ. ಎರಡು ಬಾಹು ಕೊಟ್ಟು ಮೂರನೆಯದು ಕೇಳಿದರೆ ಪೈಥಾಗೊರಸ್. ಒಂದು ಬಾಹು ಮತ್ತು 30°, 45°, 60° ಇವುಗಳಲ್ಲಿ ಒಂದು ಕೋನ ಕೊಟ್ಟಿದ್ದರೆ ಅನುಪಾತ. ಒಂದು ಬಾಹುವಿನ ಜೊತೆ 25° ಅಥವಾ 52° ಥರದ ಬೇರೆ ಕೋನ ಇದ್ದರೆ, ಇಲ್ಲವೇ ಕೋನವನ್ನೇ ಕಂಡುಹಿಡಿಯಬೇಕಾದರೆ ತ್ರಿಕೋನಮಿತಿ. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಉಳಿದ ಅರ್ಧದಲ್ಲಿ ಜಾರುವ ಜಾಗಗಳು ಜಾಸ್ತಿ.

ಅನುಪಾತದ ದಾರಿ

ನಿಮ್ಮ ಕಂಪಾಸ್ ಬಾಕ್ಸ್ ತೆಗೆಯಿರಿ. ಅದರಲ್ಲಿ ಎರಡು ತ್ರಿಕೋನದ ಪಟ್ಟಿಗಳಿವೆ. ಸಾಲು ಎಳೆಯಲು, ಬೆನ್ನು ಕೆರೆದುಕೊಳ್ಳಲು ಬಿಟ್ಟರೆ ಅವುಗಳನ್ನು ಯಾರೂ ಮುಟ್ಟುವುದಿಲ್ಲ. ಒಂದರ ಕೋನಗಳು 45°, 45°, 90°. ಇನ್ನೊಂದರದು 30°, 60°, 90°. ಈ ದಾರಿಗೆ ಬೇಕಾದದ್ದು ಅವೆರಡೇ.

ಮೊದಲನೆಯದು ಚೌಕದ ಅರ್ಧ. ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಅದೇ ಸಿಗುತ್ತದೆ. ಚೌಕದ ಬಾಹು 1 ಇದ್ದರೆ ಕತ್ತರಿಸಿದ ಗೆರೆ √2. ಹಾಗಾಗಿ ಬಾಹುಗಳ ಅನುಪಾತ 1 : 1 : √2. ಎರಡನೆಯದು ಸಮಬಾಹು ತ್ರಿಭುಜದ ಅರ್ಧ. ಬಾಹು 2 ಇರುವ ಸಮಬಾಹು ತ್ರಿಭುಜದ ತುದಿಯಿಂದ ಕೆಳಕ್ಕೆ ಲಂಬ ಎಳೆಯಿರಿ. ಪಾದ ಎರಡು ಸಮ ಭಾಗವಾಗಿ 1 ಉಳಿಯುತ್ತದೆ, ವಿಕರ್ಣ (90°ಯ ಎದುರಿನ ಬಾಹು) 2, ಎತ್ತರ √3. ಅನುಪಾತ 1 : √3 : 2. ಈ ಎರಡು ಚಿತ್ರ ಬರೆಯಲು ಅರ್ಧ ನಿಮಿಷ ಸಾಕು. ಅದಕ್ಕೇ ನಾನು ಅನುಪಾತ ಬಾಯಿಪಾಠ ಮಾಡಿ ಅನ್ನುವುದಿಲ್ಲ, ಚಿತ್ರ ಬರೆಯಿರಿ ಅನ್ನುತ್ತೇನೆ. ಬಾಯಿಪಾಠ ಮಾಡಿದವರು ಪರೀಕ್ಷೆಯ ಗಡಿಬಿಡಿಯಲ್ಲಿ √3 ಎಲ್ಲಿ, 2 ಎಲ್ಲಿ ಅಂತ ಅದಲುಬದಲು ಮಾಡುತ್ತಾರೆ. ಚಿತ್ರ ಬರೆದವರು ಮಾಡುವುದಿಲ್ಲ.

45°ಯ ತ್ರಿಭುಜ ಸುಲಭ. ಎರಡು ಬಾಹು ಸಮ. ಬಾಹು ಗೊತ್ತಿದ್ದರೆ √2ರಿಂದ ಗುಣಿಸಿ, ವಿಕರ್ಣ ಬಂತು. 2 ಅಡಿ ಚೌಕದ ಟೈಲ್ಸನ್ನು ಕರ್ಣದುದ್ದಕ್ಕೆ ಕತ್ತರಿಸಿದರೆ ಕತ್ತರಿಸಿದ ಅಂಚು 2√2, ಅಂದರೆ ಸುಮಾರು 2.83 ಅಡಿ. ಹಿಂದಕ್ಕೆ ಬರುವಾಗ ಸ್ವಲ್ಪ ಎಚ್ಚರ ಬೇಕು. ವಿಕರ್ಣ 10 ಕೊಟ್ಟಿದ್ದರೆ ಬಾಹು 10/√2. ಆಮೇಲೆ ಛೇದದಲ್ಲಿರುವ √2 ತೆಗೆಯಲು ಮೇಲೆ ಕೆಳಗೆ ಗುಣಿಸುವ ಕೆಲಸ. ಅಷ್ಟು ಸುತ್ತು ಬೇಕಿಲ್ಲ. ವಿಕರ್ಣದ ಅರ್ಧ ಮಾಡಿ √2 ಅಂಟಿಸಿ: 5√2. ಎರಡೂ ಒಂದೇ, ಸುಮಾರು 7.07. ವಿಕರ್ಣ 18 ಇದ್ದರೆ ಬಾಹು 9√2. ಇದು ಒಮ್ಮೆ ಕೈಗೆ ಕೂತರೆ ಮತ್ತೆ ಮರೆಯುವುದಿಲ್ಲ.

30°–60°ಯದು ಮಾತ್ರ ನಿಧಾನವಾಗಿ ಕೂತು ನೋಡಬೇಕಾದದ್ದು. ಅಲ್ಲಿ ಮೂರು ಬಾಹುಗಳೂ ಬೇರೆ ಬೇರೆ. 30°ಯ ಎದುರಿಗಿರುವುದನ್ನು ಚಿಕ್ಕದು ಅನ್ನೋಣ, 60°ಯ ಎದುರಿನದನ್ನು ನಡುವಿನದು, 90°ಯ ಎದುರಿಗಿರುವುದು ವಿಕರ್ಣ. ಹೆಸರಿಡುವಾಗ ಯಾವುದು ಮಲಗಿದೆ, ಯಾವುದು ನಿಂತಿದೆ ಅಂತ ನೋಡಬೇಡಿ. ಪ್ರಶ್ನೆ ಪತ್ರಿಕೆಯವರು ತ್ರಿಭುಜವನ್ನು ಬೇಕಂತಲೇ ತಿರುಗಿಸಿ ಬರೆದಿರುತ್ತಾರೆ. ಕೋನದ ಎದುರು ಯಾವುದಿದೆ ಅನ್ನುವುದಷ್ಟೇ ಲೆಕ್ಕಕ್ಕೆ.

ನನ್ನ ಸಲಹೆ ಒಂದೇ: ಏನೇ ಕೊಟ್ಟಿರಲಿ, ಮೊದಲು ಚಿಕ್ಕ ಬಾಹುವಿಗೆ ಬನ್ನಿ. ಅಲ್ಲಿಂದ ಬೇಕಾದ ಕಡೆ ಹೋಗಿ. ಚಿಕ್ಕದರ ಎರಡರಷ್ಟು ವಿಕರ್ಣ, ಚಿಕ್ಕದರ √3ರಷ್ಟು ನಡುವಿನದು. ನೇರವಾಗಿ ವಿಕರ್ಣದಿಂದ ನಡುವಿನದಕ್ಕೆ, ನಡುವಿನದರಿಂದ ವಿಕರ್ಣಕ್ಕೆ ಹಾರಲು ಹೋದಾಗಲೇ ತಪ್ಪಾಗುವುದು.

10 ಅಡಿಯ ಏಣಿ ಗೋಡೆಗೆ ಒರಗಿದೆ, ನೆಲದೊಂದಿಗೆ 60° ಕೋನ. ಗೋಡೆಯನ್ನು ಎಷ್ಟು ಎತ್ತರದಲ್ಲಿ ಮುಟ್ಟುತ್ತದೆ? ಏಣಿ ಅಂದರೆ ವಿಕರ್ಣ. ಅದರ ಅರ್ಧ 5 ಅಡಿ, ಇದು ಚಿಕ್ಕ ಬಾಹು, ಗೋಡೆಯಿಂದ ಏಣಿಯ ಬುಡಕ್ಕಿರುವ ದೂರ. ಎತ್ತರ 5√3, ಸುಮಾರು 8.66 ಅಡಿ. ಮುಗಿಯಿತು. (ನಿಜವಾದ ಏಣಿಯನ್ನು ಇಷ್ಟು ವಾಲಿಸಿ ಹತ್ತಬೇಡಿ. 4 ಅಡಿ ಎತ್ತರಕ್ಕೆ 1 ಅಡಿ ಬುಡ ಎಂಬುದು ಸುರಕ್ಷತೆಯ ಲೆಕ್ಕ, ಆಗ ಕೋನ 75°ಯ ಮೇಲೆ ಬರುತ್ತದೆ. ಪುಸ್ತಕದವರು 60° ಇಡುವುದು ಲೆಕ್ಕ ಸಲೀಸಾಗಲಿ ಅಂತ.)

ಇನ್ನು ಕಷ್ಟದ್ದು, ನಡುವಿನ ಬಾಹು ಕೊಟ್ಟಾಗ. ಗಂಗಾವತಿ ಕಡೆ ಅಕ್ಕಿ ಗಿರಣಿಯ ಪಕ್ಕ 18 ಅಡಿ ಅಗಲದ ತಗಡಿನ ಶೆಡ್ ಹಾಕುತ್ತಿದ್ದಾರೆ ಅಂದುಕೊಳ್ಳಿ. ಎರಡೂ ಕಡೆಗೆ ಇಳಿಜಾರು, ಕೋನ 30°. ನಡು ಏರಿಯಿಂದ, ಅಂದರೆ ಮಾಡಿನ ತುದಿಯಿಂದ, ಅಂಚಿನವರೆಗೆ ತಗಡು ಎಷ್ಟು ಉದ್ದ ಬೇಕು? ಅರ್ಧ ಅಗಲ 9 ಅಡಿ. ಅದು 60°ಯ ಎದುರಿಗಿದೆ, ಅಂದರೆ ನಡುವಿನ ಬಾಹು. ಇಲ್ಲಿ ತುಂಬ ಮಕ್ಕಳು 9ನ್ನು ಎರಡರಿಂದ ಗುಣಿಸಿ 18 ಅಡಿ ತಗಡು ಅಂದುಬಿಡುತ್ತಾರೆ. 18 ಅಡಿ ಅಂದರೆ ಶೆಡ್ಡಿನ ಪೂರ್ತಿ ಅಗಲ, ಅಷ್ಟುದ್ದದ ತಗಡು ಒಂದೇ ಕಡೆಗೆ ಬೇಕಾಗುತ್ತದಾ? ಮೊದಲು ಚಿಕ್ಕದಕ್ಕೆ ಬನ್ನಿ: 9/√3. ಇದನ್ನೂ ಸಲೀಸು ಮಾಡಬಹುದು. ಮೂರನೇ ಒಂದು ಭಾಗ ತೆಗೆದು √3 ಅಂಟಿಸಿ, 3√3. ಇದು ಏರಿಯ ಎತ್ತರ, ಸುಮಾರು 5.2 ಅಡಿ. ಅದರ ಎರಡರಷ್ಟು 6√3, ಸುಮಾರು 10.39 ಅಡಿ. ಇದೇ ತಗಡಿನ ಉದ್ದ. ಅಂಚಿನಾಚೆ ಚಾಚುವುದಕ್ಕೆ ಬೇಕಾದಷ್ಟನ್ನು ಆಮೇಲೆ ಕೂಡಿಸಿಕೊಳ್ಳಿ.

ಉತ್ತರ ಬಂದ ಮೇಲೆ ಒಂದು ಕಣ್ಣು ಹಾಯಿಸಿ. √3 ಅಂದರೆ 1.73, ಎರಡಕ್ಕಿಂತ ಕಡಿಮೆ. ಹಾಗಾಗಿ ನಡುವಿನ ಬಾಹು ಯಾವತ್ತೂ ವಿಕರ್ಣಕ್ಕಿಂತ ಸ್ವಲ್ಪ ಚಿಕ್ಕದೇ ಇರಬೇಕು. ನಿಮ್ಮ ಉತ್ತರದಲ್ಲಿ ಅದು ವಿಕರ್ಣಕ್ಕಿಂತ ದೊಡ್ಡದಾಗಿದ್ದರೆ ಎಲ್ಲೋ ಅದಲುಬದಲಾಗಿದೆ.

ಈ ದಾರಿಯ ಮಿತಿಯೂ ಗೊತ್ತಿರಲಿ. ಕೋನ ಈ ಮೂರರಲ್ಲಿ ಒಂದಲ್ಲದಿದ್ದರೆ ಅನುಪಾತಕ್ಕೆ ಅಲ್ಲಿ ಕೆಲಸವಿಲ್ಲ. ಚಿತ್ರ ನೋಡಲು 30°ಯ ಥರ ಕಾಣುತ್ತದೆ ಅಂತ ಹಾಕಿಬಿಡುವವರಿದ್ದಾರೆ. ಕೋನ ಬರೆದಿರಬೇಕು, ಇಲ್ಲವೇ ಬಾಹುಗಳಿಂದ ಸಾಬೀತಾಗಬೇಕು.

ಪೈಥಾಗೊರಸ್ ಮತ್ತು 30×40ರ ಸೈಟು

ಎರಡು ಬಾಹು ಗೊತ್ತಿದ್ದರೆ ಇದಕ್ಕಿಂತ ನಂಬಿಕಸ್ಥ ದಾರಿ ಇಲ್ಲ. ಕೋನ ಎಷ್ಟೇ ಇರಲಿ, 90° ಒಂದಿದ್ದರೆ ಆಯಿತು. ತೊಂದರೆ ಒಂದೇ, ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯುವ ಕೆಲಸ ಜಾಸ್ತಿ. ಕ್ಯಾಲ್ಕುಲೇಟರ್ ಇಲ್ಲದ ಪರೀಕ್ಷೆಯಲ್ಲಿ √1300 ಬಿಡಿಸುವುದು ಯಾರಿಗೂ ಇಷ್ಟವಲ್ಲ, ಅಲ್ವಾ?

ಅದಕ್ಕೆ ಕೆಲವು ಪೂರ್ಣಸಂಖ್ಯೆಯ ಗುಂಪುಗಳು ನೆನಪಿರಬೇಕು. 3, 4, 5 ಎಲ್ಲರಿಗೂ ಗೊತ್ತು. ನಮ್ಮ ಕಡೆ ಸೈಟು ಮಾರುವವರ ಬಾಯಲ್ಲಿ ಸದಾ ಇರುವ 30×40 ಅದೇ ಗುಂಪು, ಹತ್ತರಷ್ಟು ದೊಡ್ಡದು. ಅದರ ಮೂಲೆಯಿಂದ ಮೂಲೆಗೆ ಸರಿಯಾಗಿ 50 ಅಡಿ. ಪಾಯ ತೆಗೆಯುವ ಮೊದಲು ಗೌಂಡಿ ಸುಣ್ಣದ ಗೆರೆ ಹಾಕುವಾಗ ಈ 50 ಅಡಿಯನ್ನು ಟೇಪಿನಲ್ಲಿ ನೋಡಿಕೊಂಡರೆ ಸೈಟಿನ ಮೂಲೆ ನೇರವಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸಣ್ಣ ಗೋಡೆಗಾದರೆ ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ಎರಡು ಗುರುತಿನ ನಡುವೆ 5 ಅಡಿ ಬರುವವರೆಗೆ ದಾರ ಸರಿಸುವುದು. ಕೋನಮಾಪಕ ಬೇಡ, ಸೂತ್ರ ಬೇಡ.

20×30ರ ಸೈಟಿಗೆ ಈ ಭಾಗ್ಯವಿಲ್ಲ. ಅದರ ಕರ್ಣ √1300, ಸುಮಾರು 36.06 ಅಡಿ. ಅಲ್ಲಿ ಪ್ರಮೇಯವೇ ಗತಿ.

5, 12, 13. 8, 15, 17. 7, 24, 25. 3, 4, 5ರ ಜೊತೆ ಈ ಮೂರು ಸಾಕು ಅನ್ನುವುದು ನನ್ನ ಅಭಿಪ್ರಾಯ. ಇಪ್ಪತ್ತು ಗುಂಪು ಬಾಯಿಪಾಠ ಮಾಡಿಸುವವರಿದ್ದಾರೆ, ಅದು ನೆನಪಿನ ಶಕ್ತಿಗೆ ದಂಡ. ಬೇಕಾದರೆ ನೀವೇ ಹುಟ್ಟಿಸಿಕೊಳ್ಳಬಹುದು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ನಮ್ಮ ನಾಡಿನಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯ ಇದಕ್ಕೆ ದಾರಿ ಹೇಳಿದ್ದಾನೆ. ಎರಡು ಸಂಖ್ಯೆಗಳನ್ನು ಬೀಜವಾಗಿ ತೆಗೆದುಕೊಳ್ಳಿ. ಅವುಗಳ ವರ್ಗಗಳ ವ್ಯತ್ಯಾಸ ಒಂದು ಬಾಹು, ಗುಣಲಬ್ಧದ ಎರಡರಷ್ಟು ಇನ್ನೊಂದು ಬಾಹು, ವರ್ಗಗಳ ಮೊತ್ತ ವಿಕರ್ಣ. ಬೀಜ 2 ಮತ್ತು 1 ಆದರೆ 3, 4, 5. 3 ಮತ್ತು 2 ಆದರೆ 5, 12, 13. 4 ಮತ್ತು 3 ಹಾಕಿದರೆ 7, 24, 25. ರಾಯಚೂರು, ಕೊಪ್ಪಳದ ಮಕ್ಕಳಿಗೆ ಇದು ಪರದೇಶದ ಲೆಕ್ಕ ಅಲ್ಲ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಈಗಿನ ಮಳಖೇಡ, ಕಲಬುರಗಿ ಜಿಲ್ಲೆಯಲ್ಲಿದೆ.

ಈ ಗುಂಪುಗಳಲ್ಲಿ ಎರಡು ಗುಂಡಿಗಳಿವೆ. ಮೊದಲನೆಯದು: 3 ಮತ್ತು 4 ಕಂಡ ಕೂಡಲೇ 5 ಬರೆಯುವುದು. 4 ಅನ್ನುವುದೇ ವಿಕರ್ಣ ಆಗಿದ್ದರೆ ಮೂರನೆಯದು √7, 5 ಅಲ್ಲ. ವಿಕರ್ಣ ಯಾವುದು ಅಂತ ಗುರುತಿಸದೆ ಗುಂಪು ಹಾಕಬೇಡಿ. ಎರಡನೆಯದು: 3, 4, 5ರ ಕೋನಗಳು 30°, 60° ಅಂದುಕೊಳ್ಳುವುದು. ಅಲ್ಲವೇ ಅಲ್ಲ. ಅವು ಸುಮಾರು 36.87° ಮತ್ತು 53.13°. ನೋಡಿ, 30°–60°ಯ ತ್ರಿಭುಜದಲ್ಲಿ ವಿಕರ್ಣ ಚಿಕ್ಕದರ ಎರಡರಷ್ಟಿರಬೇಕು. 5 ಅನ್ನುವುದು 3ರ ಎರಡರಷ್ಟಲ್ಲ. ಅನುಪಾತದ ತ್ರಿಭುಜಗಳಲ್ಲಿ ಮೂರೂ ಬಾಹುಗಳು ಒಟ್ಟಿಗೆ ಪೂರ್ಣಸಂಖ್ಯೆ ಆಗುವುದು ಸಾಧ್ಯವೇ ಇಲ್ಲ, √2 ಅಥವಾ √3 ಎಲ್ಲಾದರೂ ಒಂದು ಕಡೆ ಇದ್ದೇ ಇರುತ್ತದೆ. ಮೂರೂ ಪೂರ್ಣಸಂಖ್ಯೆ ಕಂಡರೆ ಅದು ಕಂಪಾಸ್ ಬಾಕ್ಸಿನ ತ್ರಿಭುಜ ಅಲ್ಲ ಅಂತ ಖಚಿತ.

ಪಿಯು ವಿಜ್ಞಾನಕ್ಕೆ ಹೋದವರಿಗೆ ಒಂದು ಮಾತು. ಅಲ್ಲಿ ಭೌತಶಾಸ್ತ್ರದ ಲೆಕ್ಕಗಳಲ್ಲಿ ಇಳಿಜಾರಿಗೆ 37° ಅಂತ ಕೊಟ್ಟಿರುತ್ತಾರೆ. ಅದು ಇದೇ 3, 4, 5. ಸೈನ್ 37°, ಅಂದರೆ ಆ ಕೋನದ ಎದುರಿನ ಬಾಹುವನ್ನು ವಿಕರ್ಣದಿಂದ ಭಾಗಿಸಿದ್ದು, ಸುಮಾರು 3/5.

ತ್ರಿಕೋನಮಿತಿ ಮತ್ತು ಕೋಟೆ ಗುಡ್ಡ

ಸೈನ್, ಕಾಸ್, ಟ್ಯಾನ್ ಕೋಷ್ಟಕವನ್ನು ಮಕ್ಕಳು ಹೊಸ ವಿಷಯ ಅಂತ ಹೆದರಿ ಉರು ಹೊಡೆಯುತ್ತಾರೆ. 30°, 45°, 60°ಯ ಸಾಲುಗಳು ಬಂದಿರುವುದು ಮೇಲೆ ಹೇಳಿದ ಎರಡು ಚಿತ್ರಗಳಿಂದಲೇ. ಟ್ಯಾನ್ ಅಂದರೆ ಕೋನದ ಎದುರಿನ ಬಾಹುವನ್ನು ಪಕ್ಕದ ಬಾಹುವಿನಿಂದ ಭಾಗಿಸಿದ್ದು. ಟ್ಯಾನ್ 60° ಎಷ್ಟು? 1 : √3 : 2ರ ಚಿತ್ರ ಬರೆಯಿರಿ, 60°ಯ ಎದುರಿನದು √3, ಪಕ್ಕದ್ದು 1, ಉತ್ತರ √3. ಸೈನ್ 30°? ಎದುರಿನದು 1, ವಿಕರ್ಣ 2, ಉತ್ತರ 1/2. ಹಾಗಾಗಿ ಈ ಮೂರು ಕೋನಗಳಿಗೆ ಅನುಪಾತವೋ ತ್ರಿಕೋನಮಿತಿಯೋ ಅಂತ ಚರ್ಚೆ ಮಾಡುವುದೇ ವ್ಯರ್ಥ, ಎರಡೂ ಒಂದೇ. ಬರೆಯುವ ರೀತಿ ಬೇರೆ ಅಷ್ಟೇ. 25°ಗೆ ಮಾತ್ರ ಕೋಷ್ಟಕ ಅಥವಾ ಕ್ಯಾಲ್ಕುಲೇಟರ್ ಬೇಕೇ ಬೇಕು.

ಆದರೂ ಒಂದು ಕಡೆ ಎರಡು ರೀತಿಗೂ ವ್ಯತ್ಯಾಸ ಎದ್ದು ಕಾಣುತ್ತದೆ. ಅದು ಎತ್ತರ–ದೂರದ ಲೆಕ್ಕಗಳಲ್ಲಿ.

ಬಳ್ಳಾರಿಯ ಕೋಟೆ ಗುಡ್ಡವನ್ನೇ ತೆಗೆದುಕೊಳ್ಳಿ. ಗುಡ್ಡದ ತುದಿಯ ನೇರ ಕೆಳಗೆ ನಿಂತು ಅಳೆಯಲು ಆಗುವುದಿಲ್ಲ, ಅಲ್ಲಿ ಬಂಡೆ ಇದೆ. ಹಾಗಾಗಿ ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ ಕೋನ ನೋಡಬೇಕು. ಸಮತಟ್ಟಾದ ನೆಲದಲ್ಲಿ ನಿಂತಾಗ ತುದಿಯ ಉನ್ನತ ಕೋನ (ನೆಲದ ಮಟ್ಟದಿಂದ ತುದಿಯ ಕಡೆ ಕಣ್ಣೆತ್ತುವ ಕೋನ) 30°. ಗುಡ್ಡದ ಕಡೆ 80 ಮೀಟರ್ ನೇರ ನಡೆದಾಗ 60°. ಎತ್ತರ ಎಷ್ಟು? (ಸಂಖ್ಯೆಗಳು ಲೆಕ್ಕಕ್ಕೆ ಇಟ್ಟವು, ಗುಡ್ಡದ ನಿಜವಾದ ಅಳತೆಯಲ್ಲ.)

ತ್ರಿಕೋನಮಿತಿಯವರು ಎರಡನೇ ಜಾಗದಿಂದ ಗುಡ್ಡದ ನಡುವಿಗೆ ಇರುವ ದೂರವನ್ನು ‘ದ’ ಅನ್ನುತ್ತಾರೆ. ಟ್ಯಾನ್ 60°ಯಿಂದ ಎತ್ತರ √3 × ದ. ಟ್ಯಾನ್ 30°ಯಿಂದ ಎತ್ತರ (ದ + 80)/√3. ಎರಡನ್ನೂ ಸಮ ಮಾಡಿ √3ರಿಂದ ಗುಣಿಸಿದರೆ 3ದ = ದ + 80. ದ ಅಂದರೆ 40. ಎತ್ತರ 40√3, ಸುಮಾರು 69.28 ಮೀಟರ್. ಸರಿ, ಶುದ್ಧವಾದ ದಾರಿ.

ಈಗ ಚಿತ್ರ ನೋಡಿ. ಮೊದಲ ಜಾಗ, ಎರಡನೇ ಜಾಗ, ಗುಡ್ಡದ ತುದಿ, ಈ ಮೂರೂ ಸೇರಿ ಒಂದು ತ್ರಿಭುಜ ಆಗುತ್ತದೆ. ಅದರಲ್ಲಿ ಮೊದಲ ಜಾಗದ ಕೋನ 30°. ಎರಡನೇ ಜಾಗದ ಬಾಹ್ಯಕೋನ 60°. ಹಾಗಾದರೆ ತುದಿಯಲ್ಲಿರುವ ಕೋನ 60° – 30° = 30°. ಎರಡು ಕೋನ ಸಮ, ಅಂದರೆ ಸಮದ್ವಿಬಾಹು. ಎರಡನೇ ಜಾಗದಿಂದ ತುದಿಗೆ ಇರುವ ದೂರವೂ 80 ಮೀಟರ್! ಅದು 30°–60°ಯ ತ್ರಿಭುಜದ ವಿಕರ್ಣ. ಅರ್ಧ 40, ಎತ್ತರ 40√3. ಸಮೀಕರಣವೇ ಬೇಕಾಗಲಿಲ್ಲ.

30°ಯಿಂದ 60°ಗೆ ಹೋಗುವ ಲೆಕ್ಕಗಳಿಗೆಲ್ಲ ಇದು ನಡೆಯುತ್ತದೆ, ನಡೆದ ದೂರ ಎಷ್ಟೇ ಇರಲಿ. ಆದರೆ 30°ಯಿಂದ 45°ಗೆ ಹೋದರೆ ಸಮದ್ವಿಬಾಹು ಸಿಗುವುದಿಲ್ಲ. ಅಲ್ಲಿ ಅನುಪಾತದ ಕಣ್ಣಿನಿಂದ ಹೀಗೆ ನೋಡಿ: ಹತ್ತಿರದ ಜಾಗದಿಂದ ದೂರ ಮತ್ತು ಎತ್ತರ ಸಮ, ಯಾಕೆಂದರೆ 45°. ದೂರದ ಜಾಗದಿಂದ ದೂರ ಅನ್ನುವುದು ಎತ್ತರದ √3ರಷ್ಟು. ವ್ಯತ್ಯಾಸ ನಾವು ನಡೆದ 80. ಎತ್ತರ × (√3 – 1) = 80. ಎತ್ತರ 40(√3 + 1), ಸುಮಾರು 109.28 ಮೀಟರ್. ಇಲ್ಲಿ ಎರಡು ದಾರಿಗೂ ಶ್ರಮ ಹೆಚ್ಚು ಕಡಿಮೆ ಒಂದೇ, ನಿಮಗೆ ಯಾವುದು ಒಗ್ಗುತ್ತದೋ ಅದನ್ನು ಹಿಡಿಯಿರಿ.

ಉತ್ತರ ಪತ್ರಿಕೆಯಲ್ಲಿ ಸಮದ್ವಿಬಾಹುವಿನ ದಾರಿ ಬರೆಯುವುದಾದರೆ ಕಾರಣಗಳನ್ನು ಬಿಡಬೇಡಿ. ಬಾಹ್ಯಕೋನ, ಸಮ ಕೋನಗಳ ಎದುರಿನ ಬಾಹುಗಳು ಸಮ, ಇವೆರಡನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ. ಸುಮ್ನೆ 40√3 ಅಂತ ಬರೆದರೆ ಮೌಲ್ಯಮಾಪಕರಿಗೆ ಅದು ಎಲ್ಲಿಂದ ಬಂತು ಅಂತ ಗೊತ್ತಾಗಬೇಡವೇ? ಸಂಶಯ ಇದ್ದವರು ಟ್ಯಾನ್ ಹಾಕಿ ಬಿಡಿಸಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ಚಿತ್ರದ ದಾರಿಯಲ್ಲಿ ತಾಳೆ ನೋಡಿಕೊಳ್ಳಿ. ನಾನು ಹೇಳಿಕೊಡುವುದು ಹಾಗೆಯೇ.

ಗುಡ್ಡದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಹೈದರ್ ಅಲಿ ಫ್ರೆಂಚ್ ಎಂಜಿನಿಯರ್ ಒಬ್ಬನಿಂದ ಈ ಕೋಟೆಯನ್ನು ಭದ್ರ ಮಾಡಿಸಿದನಂತೆ. ಆಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ. ಸಿಟ್ಟಿಗೆದ್ದು ಆ ಎಂಜಿನಿಯರ್‌ನನ್ನು ಗಲ್ಲಿಗೆ ಹಾಕಿಸಿದ ಅನ್ನುವ ಕಥೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಎರಡು ಜಾಗದಲ್ಲಿ ನಿಂತು ಎರಡು ಕೋನ ನೋಡಿದ್ದರೆ ಪುಣ್ಯಾತ್ಮ ಬದುಕುತ್ತಿದ್ದನೇನೋ ಅಂತ ತರಗತಿಯಲ್ಲಿ ಹೇಳಿದರೆ ಮಕ್ಕಳು ನಗುತ್ತಾರೆ, ಆದರೆ ಲೆಕ್ಕ ಮರೆಯುವುದಿಲ್ಲ.

√ ಹಾಗೇ ಬಿಡಬೇಕೇ, ದಶಮಾಂಶಕ್ಕೆ ಇಳಿಸಬೇಕೇ?

ಇದೂ ಒಂದು ಆಯ್ಕೆಯೇ, ಯಾರೂ ಹೇಳಿಕೊಡುವುದಿಲ್ಲ. ಪರೀಕ್ಷೆಯಲ್ಲಿ √3 = 1.73 ಅಂತ ಪ್ರಶ್ನೆಯಲ್ಲೇ ಕೊಟ್ಟಿದ್ದರೆ ಇಳಿಸಿ. ಕೊಡದಿದ್ದರೆ 6√3 ಅಂತಲೇ ಬಿಡಿ, ಅದೇ ನಿಖರವಾದ ಉತ್ತರ. ಇಳಿಸುವುದಾದರೂ ಕೊನೆಯ ಸಾಲಿನಲ್ಲಿ ಮಾಡಿ. ನಡುವೆ ಇಳಿಸಿದರೆ ಮುಂದಿನ ಪ್ರತಿ ಹೆಜ್ಜೆಯಲ್ಲೂ ವ್ಯತ್ಯಾಸ ಬೆಳೆಯುತ್ತಾ ಹೋಗುತ್ತದೆ.

ಕಟ್ಟಡದ ಕೆಲಸದಲ್ಲಿ ಇದು ಉಲ್ಟಾ. ಅಲ್ಲಿ √2 ಅಂದರೆ ಯಾರೂ ಟೇಪು ಹಿಡಿಯುವುದಿಲ್ಲ. √2ಗೆ 7/5 ಹಾಕಿದರೆ ಬಾಯಲ್ಲೇ ಲೆಕ್ಕ ಆಗುತ್ತದೆ, ಆದರೆ 30 ಅಡಿ ಚೌಕದ ಕರ್ಣ 42 ಅಡಿ ಬರುತ್ತದೆ. ನಿಜವಾದದ್ದು 42.43. ಐದು ಇಂಚು ತಪ್ಪು, ಗೋಡೆಗೆ ಇದು ನಡೆಯುವುದಿಲ್ಲ. 17/12 ಹಾಕಿದರೆ 42.5 ಅಡಿ, ತಪ್ಪು ಒಂದು ಇಂಚಿಗಿಂತ ಕಡಿಮೆ. ಅಂದಾಜಿಗೆ ಇದು ಸಾಕು. ಯಜ್ಞದ ವೇದಿಕೆಗಳನ್ನು ಹಗ್ಗದಿಂದ ಅಳೆಯುತ್ತಿದ್ದ ಕಾಲದಲ್ಲೇ ಬೌಧಾಯನ ಇದಕ್ಕಿಂತ ಮುಂದೆ ಹೋಗಿದ್ದ. 1ಕ್ಕೆ ಅದರ ಮೂರನೇ ಒಂದು ಭಾಗ ಕೂಡಿಸು, ಆ ಭಾಗದ ನಾಲ್ಕನೇ ಒಂದು ಕೂಡಿಸು, ಆಮೇಲೆ ಈ ಕೊನೆಯದರ ಮೂವತ್ತನಾಲ್ಕನೇ ಒಂದು ಭಾಗ ಕಳೆ. ಅದು 577/408. ಇದೇ 30 ಅಡಿ ಚೌಕಕ್ಕೆ ಹಾಕಿ ನೋಡಿದರೆ ತಪ್ಪು ಒಂದು ಕೂದಲಿನ ದಪ್ಪಕ್ಕಿಂತ ಕಡಿಮೆ.

√3ಗೆ 7/4 ಸ್ವಲ್ಪ ಜಾಸ್ತಿಯಾಗುತ್ತದೆ, 26/15 ಚೆನ್ನಾಗಿ ಹೊಂದುತ್ತದೆ. ಮೇಲಿನ ಶೆಡ್ಡಿನ 6√3 ಅಡಿಗೆ 26/15 ಹಾಕಿದರೆ 10.4. ಅಡಿಯ ದಶಮಾಂಶವನ್ನು ಇಂಚು ಅಂತ ಓದಬೇಡಿ, 10.4 ಅಂದರೆ 10 ಅಡಿ 4 ಇಂಚು ಅಲ್ಲ. 0.4ನ್ನು 12ರಿಂದ ಗುಣಿಸಿ, 4.8 ಇಂಚು. ತಗಡು ಕತ್ತರಿಸುವವರಿಗೆ 10 ಅಡಿ 5 ಇಂಚು ಅಂತ ಹೇಳಿ.